ಬಿಸಿನೆಸ್ ಕ್ಲಾಸ್ ಸೀಟು ಬಿಟ್ಟುಕೊಡುವಾಗ ನಾನು ಅನುಸರಿಸುವ ಕ್ರಮ

ವಿಮಾನದಲ್ಲಿ ಇರುವ ಸೀಟುಗಳಿಗಿಂತ ಹೆಚ್ಚು ಟಿಕೆಟ್ ಮಾರುವ ಪದ್ಧತಿ ಇಕಾನಮಿಗೆ ಮಾತ್ರ ಸೀಮಿತವಲ್ಲ. ಬಿಸಿನೆಸ್ ಕ್ಲಾಸಿನಲ್ಲಿಯೂ ಅದು ನಡೆಯುತ್ತದೆ. ಕೆಲಸದ ನಿಮಿತ್ತ ಶಿಕಾಗೊದಿಂದ ಯುರೋಪಿಗೂ ಅಲ್ಲಿಂದ ಬೆಂಗಳೂರಿಗೂ ಹಲವು ವರ್ಷಗಳಿಂದ ಓಡಾಡುತ್ತಿರುವ ನಾನು, ಸೀಟು ಸಾಲದೆ ಬಂದಾಗ ನನ್ನದನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟು ಪರಿಹಾರ ಪಡೆದಿದ್ದೇನೆ. ಅದನ್ನು ಹೇಗೆ ಮಾಡುತ್ತೇನೆ, ಯಾವ ಮಾತುಗಳನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳುತ್ತೇನೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಸಾವಿರ ಕರೆಯೋಲೆ ಹಂಚಿದ ಮದುವೆ ಮನೆಯವರು ಎಂಟುನೂರು ಎಲೆಗೆ ಅಡುಗೆ ಮಾಡಿಸುವ ಲೆಕ್ಕಾಚಾರವೇ ಇದರ ಹಿಂದೆಯೂ ಇದೆ. ಕಂಪನಿಗಳು ಕೊಳ್ಳುವ ದುಬಾರಿ ಟಿಕೆಟ್ಟುಗಳಲ್ಲಿ ಕೊನೆಯ ಗಳಿಗೆಯವರೆಗೂ ದಿನ ಬದಲಿಸುವ ಅಥವಾ ಹಣ ಹಿಂಪಡೆಯುವ ಸೌಲಭ್ಯವಿರುವುದರಿಂದ, ಸಭೆಯೊಂದು ಮುಂದೆ ಹೋದರೆ ಪ್ರಯಾಣಿಕ ಬರುವುದೇ ಇಲ್ಲ. ಆ ಖಾಲಿ ಸೀಟಿನ ನಷ್ಟ ತುಂಬಿಕೊಳ್ಳಲು ವಿಮಾನ ಸಂಸ್ಥೆಗಳು ಕೆಲವು ಟಿಕೆಟ್ ಹೆಚ್ಚು ಮಾರುತ್ತವೆ. ಇಕಾನಮಿಯಲ್ಲಿ ಜನ ಹೆಚ್ಚಾದರೆ ಕೆಲವರನ್ನು ಮೇಲಿನ ದರ್ಜೆಗೆ ಕಳುಹಿಸಿ ಸಮಸ್ಯೆ ಬಗೆಹರಿಸಬಹುದು. ಬಿಸಿನೆಸ್ ಕ್ಲಾಸಿನಲ್ಲಿ ಹೆಚ್ಚಾದರೆ, ಅದರ ಮೇಲೆ ಫಸ್ಟ್ ಕ್ಲಾಸ್ ಇಲ್ಲದ ವಿಮಾನದಲ್ಲಿ, ಒಬ್ಬರು ಕೆಳಗಿನ ದರ್ಜೆಗೆ ಇಳಿಯಬೇಕು ಇಲ್ಲವೇ ಮುಂದಿನ ವಿಮಾನಕ್ಕೆ ಕಾಯಬೇಕು. ಲೆಕ್ಕಕ್ಕಿಂತ ಹೆಚ್ಚು ಮಾರಿದ್ದೇ ಪ್ರತಿ ಬಾರಿಯೂ ಕಾರಣವಾಗಿರುವುದಿಲ್ಲ. ಬೇರೆ ಮಾದರಿಯ ವಿಮಾನ ಬಂದು ಅದರಲ್ಲಿ ಬಿಸಿನೆಸ್ ಸೀಟುಗಳು ಕಡಿಮೆ ಇದ್ದರೂ, ಪೈಲಟ್‌ಗಳ ವಿಶ್ರಾಂತಿಗೆ ಒಂದು ಸೀಟು ಮೀಸಲಿಡಬೇಕಾಗಿ ಬಂದರೂ ಇದೇ ಪರಿಸ್ಥಿತಿ ಎದುರಾಗುತ್ತದೆ.

ಒಪ್ಪಂದಕ್ಕೆ ಕೂರುವ ಮೊದಲು ಕಾನೂನಿನ ತಳಮಟ್ಟ ತಿಳಿದಿರಬೇಕು. ಅಮೆರಿಕದಲ್ಲಿ ಸಂಸ್ಥೆಯು ಯಾರನ್ನೂ ವಿಮಾನ ಹತ್ತದಂತೆ ಬಲವಂತವಾಗಿ ತಡೆಯುವ ಮೊದಲು ಸ್ವಇಚ್ಛೆಯಿಂದ ಸೀಟು ಬಿಡುವವರಿದ್ದಾರೆಯೇ ಎಂದು ಕೇಳಲೇಬೇಕು. ಹೀಗೆ ಕೇಳಿ, ಹರಾಜಿನ ರೀತಿಯಲ್ಲಿ ಬೆಲೆ ನಿರ್ಧರಿಸಬಹುದೆಂದು ಮೊದಲು ಸೂಚಿಸಿದವರು ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್. 1978ರಲ್ಲಿ ಅಲ್ಲಿನ ನಾಗರಿಕ ವಿಮಾನಯಾನ ಮಂಡಳಿ ಈ ಕ್ರಮವನ್ನು ನಿಯಮವಾಗಿಸಿತು. ಸ್ವಇಚ್ಛೆಯಿಂದ ಬಿಡುವವರಿಗೆ ಕೊಡುವ ಮೊತ್ತಕ್ಕೆ ಕಾನೂನಿನಲ್ಲಿ ಕನಿಷ್ಠವೂ ಇಲ್ಲ, ಗರಿಷ್ಠವೂ ಇಲ್ಲ. ಬಲವಂತವಾಗಿ ತಡೆದರೆ, ಅಂತರರಾಷ್ಟ್ರೀಯ ಪ್ರಯಾಣದಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ತಡವಾದಾಗ ಏಕಮುಖ ದರದ ನಾಲ್ಕು ಪಟ್ಟು ಕೊಡಬೇಕು, ಆದರೆ 2025ರ ಪರಿಷ್ಕರಣೆಯಂತೆ ಅದಕ್ಕೆ 2,150 ಡಾಲರಿನ ಮಿತಿಯಿದೆ. ಇಕಾನಮಿ ಪ್ರಯಾಣಿಕನಿಗೆ ಇದು ದೊಡ್ಡ ಮೊತ್ತ. ಸಮುದ್ರ ದಾಟುವ ಬಿಸಿನೆಸ್ ಟಿಕೆಟ್ಟಿಗೆ ಒಂದು ದಿಕ್ಕಿಗೇ ಅದಕ್ಕಿಂತ ಹೆಚ್ಚು ತೆತ್ತವನಿಗೆ ಈ ಮಿತಿ ನ್ಯಾಯವೆನಿಸುವುದಿಲ್ಲ. ಆದ್ದರಿಂದಲೇ ನಾನು ಬಲವಂತದ ಪರಿಹಾರಕ್ಕಾಗಿ ಕಾಯದೆ, ಮಾತುಕತೆಯ ದಾರಿಯನ್ನೇ ಆರಿಸಿಕೊಳ್ಳುತ್ತೇನೆ.

ಸಮಯವೂ ಮುಖ್ಯ. 2017ರ ಏಪ್ರಿಲ್‌ನಲ್ಲಿ ಶಿಕಾಗೊದ ಓಹೇರ್ ನಿಲ್ದಾಣದಲ್ಲಿ, ಸಿಬ್ಬಂದಿಗೆ ಸೀಟು ಮಾಡಿಕೊಡಲು ಡೇವಿಡ್ ಡಾವ್ ಎಂಬ ವೈದ್ಯರನ್ನು ಯುನೈಟೆಡ್ ಎಕ್ಸ್‌ಪ್ರೆಸ್ ವಿಮಾನದಿಂದ ಎಳೆದು ಹೊರಹಾಕಿದ ಘಟನೆಯನ್ನು ಜಗತ್ತೇ ನೋಡಿತು. ಅದಾದ ಬಳಿಕ ಯುನೈಟೆಡ್ ಸಂಸ್ಥೆ ಸೀಟು ಬಿಡುವವರಿಗೆ 10,000 ಡಾಲರ್‌ವರೆಗೂ ಕೊಡಬಹುದೆಂದು ತನ್ನ ನಿಯಮ ಬದಲಿಸಿತು. ಬೋರ್ಡಿಂಗ್ ಪಾಸ್ ಸ್ಕ್ಯಾನ್ ಮಾಡಿ ಒಳಗೆ ಬಿಟ್ಟ ಪ್ರಯಾಣಿಕನನ್ನು ಸೀಟಿನ ಕೊರತೆಯ ಕಾರಣಕ್ಕೆ ಬಲವಂತವಾಗಿ ಇಳಿಸುವಂತಿಲ್ಲ ಎಂಬುದು ಈಗ ಅಮೆರಿಕದ ನಿಯಮ. ಹೀಗಾಗಿ ಬೋರ್ಡಿಂಗ್ ಆರಂಭವಾಗುವ ಮೊದಲೇ ಗೇಟಿನ ಸಿಬ್ಬಂದಿ ಲೆಕ್ಕ ಹೊಂದಿಸಬೇಕಾಗುತ್ತದೆ. ಮಾತುಕತೆಗೆ ತಕ್ಕ ಹೊತ್ತು ಅದೇ.

ಹೊರಡುವ ಹಿಂದಿನ ದಿನ, ಅದೇ ವಿಮಾನದಲ್ಲಿ ಹೊಸದಾಗಿ ಬಿಸಿನೆಸ್ ಟಿಕೆಟ್ ಕೊಳ್ಳುವವನಂತೆ ಸಂಸ್ಥೆಯ ಆ್ಯಪ್‌ನಲ್ಲಿ ಹುಡುಕಿ ನೋಡುತ್ತೇನೆ. ಒಂದೂ ಸಿಗದಿದ್ದರೆ, ಸೀಟಿನ ನಕ್ಷೆಯಲ್ಲಿ ಖಾಲಿ ಜಾಗ ಕಾಣದಿದ್ದರೆ, ವಿಮಾನದ ಮಾದರಿ ಬದಲಾಗಿದ್ದರೆ, ಗೇಟಿನಲ್ಲಿ ಕರೆ ಬರುವ ಸಾಧ್ಯತೆಯಿದೆಯೆಂದು ತಿಳಿದು ಸಿದ್ಧನಾಗುತ್ತೇನೆ. ಅಂಥ ದಿನ ಸೂಟ್‌ಕೇಸನ್ನು ಕೌಂಟರಿನಲ್ಲಿ ಒಪ್ಪಿಸದೆ, ಔಷಧ ಮತ್ತು ಒಂದು ಜೊತೆ ಬಟ್ಟೆಯಿರುವ ಕೈಚೀಲದಲ್ಲೇ ಪ್ರಯಾಣ ಮುಗಿಸುವಂತೆ ನೋಡಿಕೊಳ್ಳುತ್ತೇನೆ. ಮುಂದಿನ ವಿಮಾನಗಳಲ್ಲಿ ಬಿಸಿನೆಸ್ ಸೀಟು ಎಲ್ಲಿ ಉಳಿದಿದೆ ಎಂಬುದನ್ನೂ ಗುರುತು ಹಾಕಿಕೊಂಡಿರುತ್ತೇನೆ, ಏಕೆಂದರೆ ನೂರಾರು ಜನರನ್ನು ಸಂಭಾಳಿಸುತ್ತಿರುವ ಸಿಬ್ಬಂದಿಗೆ ಅದನ್ನು ಹುಡುಕುವಷ್ಟು ಬಿಡುವಿರುವುದಿಲ್ಲ. ಚೆಕ್-ಇನ್ ಮಾಡುವಾಗ ಆ್ಯಪ್ ತಾನಾಗಿಯೇ ‘ಎಷ್ಟು ಮೊತ್ತಕ್ಕೆ ಸೀಟು ಬಿಡುವಿರಿ’ ಎಂದು ಕೇಳುವುದುಂಟು. ಅಲ್ಲಿ ಕಡಿಮೆ ಮೊತ್ತ ನಮೂದಿಸಿ ಒಪ್ಪುವುದಕ್ಕಿಂತ, ಷರತ್ತುಗಳನ್ನು ಬಾಯಿಬಿಟ್ಟು ಹೇಳಬಹುದಾದ ಗೇಟಿನ ಮಾತುಕತೆಯೇ ನನಗೆ ಸರಿಯೆನಿಸುತ್ತದೆ.

ಒಮ್ಮೆ ಶಿಕಾಗೊದಿಂದ ಹೊರಡುವ ರಾತ್ರಿಯ ವಿಮಾನಕ್ಕೆ ಬೇರೆ ಮಾದರಿಯದು ಬಂದು ಬಿಸಿನೆಸ್ ಸೀಟುಗಳು ಕಡಿಮೆಯಾದವು. ಪ್ರಕಟಣೆಗೆ ಮೊದಲೇ ನಾನು ಗೇಟಿನ ಬಳಿ ಹೋಗಿ, ನಾಳೆ ಹೋದರೂ ನನಗೆ ತೊಂದರೆಯಿಲ್ಲ, ಬೇಕಾದರೆ ಹೆಸರು ಬರೆದುಕೊಳ್ಳಿ ಎಂದು ಹೇಳಿ ಪಕ್ಕಕ್ಕೆ ಕುಳಿತೆ. ಸಿಬ್ಬಂದಿ ಮೊದಲು ಸೂಚಿಸಿದ್ದು, ಅದೇ ವಿಮಾನದಲ್ಲಿ ಇಕಾನಮಿಯಲ್ಲಿ ಹೋಗುವುದು ಮತ್ತು 1,000 ಡಾಲರಿನ ವೋಚರ್. ನಾನು ಅದಕ್ಕೆ ಒಪ್ಪದೆ, ಮರುದಿನದ ವಿಮಾನದಲ್ಲಿ ಬಿಸಿನೆಸ್ ಕ್ಲಾಸಿನಲ್ಲೇ ಖಚಿತವಾದ ಸೀಟು, ಬೆಂಗಳೂರಿನವರೆಗಿನ ಮುಂದಿನ ವಿಮಾನವೂ ಅದೇ ದರ್ಜೆಯಲ್ಲಿ, ಹೋಟೆಲ್, ಊಟ, ಟ್ಯಾಕ್ಸಿ, ನಂತರ ಒಪ್ಪಿಕೊಂಡವರಿಗೆ ಹೆಚ್ಚು ಕೊಟ್ಟರೆ ನನಗೂ ಅಷ್ಟೇ ಎಂಬ ಮಾತು, ಇವನ್ನು ಕೇಳಿದೆ. ಬೇರೆ ಯಾರೂ ಮುಂದೆ ಬರಲಿಲ್ಲವಾದ್ದರಿಂದ ವೋಚರ್ ಮೊತ್ತ 2,000ಕ್ಕೆ ಏರಿತು. ಅದರ ಅವಧಿ ಎಷ್ಟು, ಒಂದೇ ಸಲಕ್ಕೆ ಖರ್ಚಾಗಬೇಕೇ, ನನ್ನ ತಂದೆ ತಾಯಿಗೆ ಟಿಕೆಟ್ ಕೊಳ್ಳಲು ಬಳಸಬಹುದೇ ಎಂದೂ ವಿಚಾರಿಸಿದೆ. ವೋಚರಿಗಿರುವ ಮುಖ್ಯ ನಿರ್ಬಂಧಗಳನ್ನು ಪ್ರಯಾಣಿಕ ಒಪ್ಪುವ ಮೊದಲೇ ತಿಳಿಸುವುದು ಸಂಸ್ಥೆಯ ಕರ್ತವ್ಯ, ಕೇಳಲು ಸಂಕೋಚಪಡಬೇಕಾಗಿಲ್ಲ.

ಕೆಳದರ್ಜೆಗೆ ಇಳಿಯುವ ಪ್ರಸ್ತಾಪದಲ್ಲಿ ನಾನು ಹೆಚ್ಚು ಕಟ್ಟುನಿಟ್ಟು, ಏಕೆಂದರೆ ಪ್ರಯಾಣಿಕನಿಗೆ ನಿಜವಾದ ಅನ್ಯಾಯ ಆಗುವುದು ಅಲ್ಲಿಯೇ. ಅಮೆರಿಕದ ನಿಯಮದಲ್ಲಿ ಅದೇ ವಿಮಾನದಲ್ಲಿ ಕೆಳದರ್ಜೆಯಲ್ಲಿ ಕೂರಿಸಿದರೆ ಅದು ಸೀಟು ನಿರಾಕರಣೆಯೆನಿಸುವುದಿಲ್ಲ. ದರದ ವ್ಯತ್ಯಾಸವಷ್ಟೇ ಹಿಂದಿರುಗಬೇಕು. ನಾನು ತೆತ್ತ ಬೆಲೆಯಿಂದ ಟಿಕೆಟ್ ಕೊಂಡ ದಿನದ ಇಕಾನಮಿ ದರವನ್ನು ಕಳೆಯುತ್ತಾರೋ, ಹೊರಡುವ ದಿನದ ಏರಿದ ಇಕಾನಮಿ ದರವನ್ನು ಕಳೆಯುತ್ತಾರೋ ಎಂಬುದರ ಮೇಲೆ ಕೈಗೆ ಬರುವ ಹಣ ಅಜಗಜಾಂತರವಾಗುತ್ತದೆ. ಇದನ್ನು ಬರವಣಿಗೆಯಲ್ಲಿ ಪಡೆಯದೆ ನಾನು ಒಪ್ಪುವುದಿಲ್ಲ. ವಿಮಾನ ಪ್ರಯಾಣಿಕರ ಹಕ್ಕುಗಳ ಕುರಿತ ಯುರೋಪಿನ 261/2004 ನಿಯಮ ಈ ವಿಷಯದಲ್ಲಿ ಬಹಳ ಮೇಲು. ದೂರಕ್ಕೆ ಅನುಗುಣವಾಗಿ ಟಿಕೆಟ್ ಬೆಲೆಯ ಶೇ. 30, 50 ಅಥವಾ 75ರಷ್ಟನ್ನು ಏಳು ದಿನಗಳೊಳಗೆ ಹಿಂದಿರುಗಿಸಬೇಕೆಂದು ಅದು ಹೇಳುತ್ತದೆ. ಆ ಶೇಕಡಾವಾರು ಇಡೀ ಟಿಕೆಟ್ಟಿಗಲ್ಲ, ದರ್ಜೆ ಇಳಿಸಿದ ಆ ಒಂದು ವಿಮಾನದ ಬೆಲೆಗೆ ಮಾತ್ರ ಅನ್ವಯಿಸುತ್ತದೆ ಎಂದು ಯುರೋಪಿನ ನ್ಯಾಯಾಲಯ 2016ರಲ್ಲಿ ತೀರ್ಪಿತ್ತಿದೆ. ಭಾರತದಲ್ಲಿಯೂ ನಾಗರಿಕ ವಿಮಾನಯಾನದ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ 2023ರ ಫೆಬ್ರುವರಿ 15ರಿಂದ ಅಂತರರಾಷ್ಟ್ರೀಯ ಪ್ರಯಾಣಕ್ಕೆ ಇದೇ ಶೇಕಡಾವಾರನ್ನೂ ದೇಶದೊಳಗಿನ ಪ್ರಯಾಣಕ್ಕೆ ಶೇ. 75ನ್ನೂ ಗೊತ್ತುಪಡಿಸಿದ್ದು ಸ್ವಾಗತಾರ್ಹ. ಯುರೋಪಿನಿಂದ ಬೆಂಗಳೂರಿಗೆ ಹೊರಡುವಾಗ ಬಲವಂತವಾಗಿ ತಡೆದರೆ ಸಿಗುವ 600 ಯೂರೋ ಪರಿಹಾರ, ಸ್ವಇಚ್ಛೆಯಿಂದ ಬಿಟ್ಟಾಗ ತಾನಾಗಿ ಬರುವುದಿಲ್ಲ. ಆದ್ದರಿಂದ ಅಲ್ಲಿ ನನ್ನ ಮಾತುಕತೆ ಅದಕ್ಕಿಂತ ಮೇಲಿನ ಮೊತ್ತದಿಂದಲೇ ಆರಂಭವಾಗುತ್ತದೆ.

ಟಿಕೆಟ್ ಕಂಪನಿಯದಾಗಿದ್ದರೆ, ಒಂದು ದಿನ ತಡವಾಗಿ ತಲುಪಲು ಮೇಲಧಿಕಾರಿಯ ಒಪ್ಪಿಗೆಯನ್ನು ಮೊದಲೇ ಪಡೆಯುತ್ತೇನೆ. ದರದ ವ್ಯತ್ಯಾಸ ಬಂದರೆ ಅದು ಕಂಪನಿಗೆ ಸೇರಬೇಕು. ನನ್ನ ಸಮಯಕ್ಕೆ ಕೊಟ್ಟ ಪರಿಹಾರ ಮಾತ್ರ ನನ್ನದು. ತಂದೆ ತಾಯಿ ಜೊತೆಗಿರುವಾಗ ಎಷ್ಟು ಕೊಟ್ಟರೂ ಸೀಟು ಬಿಡುವುದಿಲ್ಲ. ಗಾಲಿಕುರ್ಚಿ, ಊಟ, ಔಷಧ ಎಲ್ಲವನ್ನೂ ಮತ್ತೆ ಹೊಂದಿಸುವ ಶ್ರಮ ಅವರ ಮೇಲೆ ಬೀಳಬಾರದು.

ಒಪ್ಪಂದವಾದ ಮೇಲೆ ಗೇಟನ್ನು ಬಿಡುವ ಮೊದಲು ಒಂದು ಕೆಲಸ ಉಳಿದಿರುತ್ತದೆ. ಸಿಬ್ಬಂದಿ ಹೊಸ ವಿಮಾನಕ್ಕೆ ಹೆಸರು ಸೇರಿಸಿದರೆ ಸಾಲದು, ಟಿಕೆಟ್ಟನ್ನೇ ಹೊಸದಾಗಿ ನೀಡಿರಬೇಕು. ಇಲ್ಲವಾದರೆ ಮೊದಲ ವಿಮಾನಕ್ಕೆ ಬಾರದವನೆಂದು ದಾಖಲಾಗಿ ಮುಂದಿನ ವಿಮಾನವೂ ಹಿಂದಿರುಗುವ ವಿಮಾನವೂ ರದ್ದಾಗುವ ಅಪಾಯವಿದೆ. ಆದ್ದರಿಂದ ಹೊಸ ಬುಕಿಂಗಿನ ಪ್ರತಿ ವಿಮಾನಕ್ಕೂ ಟಿಕೆಟ್ ಸಂಖ್ಯೆ ಜೋಡಣೆಯಾಗಿದೆಯೇ, ದರ್ಜೆ ಬಿಸಿನೆಸ್ ಎಂದೇ ಇದೆಯೇ ಎಂದು ಆ್ಯಪ್‌ನಲ್ಲಿ ನೋಡಿ, ಹಳೆಯ ಬೋರ್ಡಿಂಗ್ ಪಾಸ್, ವೋಚರ್ ಮತ್ತು ಷರತ್ತು ಬರೆದ ಕಾಗದದ ಚಿತ್ರ ತೆಗೆದುಕೊಂಡು, ಬೆಂಗಳೂರಿನ ವಿಮಾನದ ಸೀಟು ಸಂಖ್ಯೆ ಕಣ್ಣಿಗೆ ಬಿದ್ದ ಮೇಲೆಯೇ ಹೋಟೆಲಿನ ಕಡೆ ಹೊರಡುತ್ತೇನೆ.