ಗಾಲ್ಫ್ ಪೆನಾಲ್ಟಿ: ಒಂದು ಯಾವಾಗ, ಎರಡು ಯಾವಾಗ

2019ರಲ್ಲಿ ಗಾಲ್ಫ್ ನಿಯಮಗಳನ್ನು 34ರಿಂದ 24ಕ್ಕೆ ಇಳಿಸಿದರು. ಆದರೂ ಪುಸ್ತಕ ಹಿಡಿದು ಕೂತರೆ ನಾಲ್ಕನೇ ಪುಟಕ್ಕೇ ಆಕಳಿಕೆ ಬರುತ್ತದೆ. ಹೊಸಬರಿಗೆ ನಾನು ಹೇಳಿಕೊಡುವ ಲೆಕ್ಕ ಇಷ್ಟೇ. ಚೆಂಡು ಎಲ್ಲೋ ಸಿಕ್ಕಿಕೊಂಡಿತು, ಬಿಡಿಸಿಕೊಳ್ಳಬೇಕು ಅಂದರೆ ಸಾಮಾನ್ಯವಾಗಿ ಒಂದು ಸ್ಟ್ರೋಕ್ (ಲೆಕ್ಕಕ್ಕೆ ಒಂದು ಹೊಡೆತ ಜಾಸ್ತಿ). ಅದು ಟೋಲ್ ಇದ್ದ ಹಾಗೆ, ಕಟ್ಟಿ ಮುಂದೆ ಹೋಗಿ. ಮಾಡಬಾರದ್ದನ್ನು ಮಾಡಿದರೆ ಎರಡು ಸ್ಟ್ರೋಕ್. ಅದು ಫೈನ್. ಹೋಲ್ ಹೋಲ್‌ಗೂ ಗೆಲುವು ಲೆಕ್ಕ ಹಾಕುವ ಮ್ಯಾಚ್ ಪ್ಲೇ ಆದರೆ ಎರಡರ ಬದಲು ಆ ಹೋಲೇ ಕೈಬಿಟ್ಟಂತೆ, ಅದನ್ನು ಇಲ್ಲಿ ಬಿಡೋಣ.

ಟೀ ಮೇಲೆ, ಅಂದರೆ ಹೋಲ್ ಶುರುವಾಗುವ ಜಾಗದಲ್ಲಿ, ಮೊದಲ ದಿನ ಎಲ್ಲರಿಗೂ ಆಗುವುದೇ: ಜೋರಾಗಿ ಬೀಸುತ್ತೀರಿ, ಚೆಂಡು ಅಲ್ಲೇ ಕೂತಿರುತ್ತದೆ. ಹೊಡೆಯಲೆಂದೇ ಬೀಸಿದ್ದರೆ ಅದೂ ಒಂದು ಸ್ಟ್ರೋಕ್. 'ಸುಮ್ನೆ ಪ್ರಾಕ್ಟೀಸ್' ಅಂತ ನಾನು ಹೇಳಿದಾಗ ಬ್ಯಾಗ್ ಹೊರುವ ಕ್ಯಾಡಿ ಆ ಕಡೆ ತಿರುಗಿ ನಕ್ಕಿದ್ದ. ಬೀಸುವ ಮೊದಲೇ ಕ್ಲಬ್ (ಹೊಡೆಯುವ ಕೋಲು) ತಾಗಿ ಚೆಂಡು ಟೀ ಕಡ್ಡಿಯಿಂದ ಉರುಳಿದರೆ ಮಾತ್ರ ಏನೂ ಇಲ್ಲ, ಎತ್ತಿ ಇಟ್ಟುಕೊಳ್ಳಿ.

ಜಾಸ್ತಿ ದುಬಾರಿಯಾಗುವುದು ಬಿಳಿ ಗೂಟ. ಅದರಾಚೆ ಹೋದರೆ ಓಬಿ (ಔಟ್ ಆಫ್ ಬೌಂಡ್ಸ್, ಗಡಿಯ ಹೊರಗೆ). ಓಬಿ ಆದರೂ, ಮೂರು ನಿಮಿಷ ಹುಡುಕಿ ಚೆಂಡು ಸಿಗದಿದ್ದರೂ ಶಿಕ್ಷೆ ಒಂದೇ: ಒಂದು ಪೆನಾಲ್ಟಿ, ಜೊತೆಗೆ ಹೊಡೆದ ಜಾಗಕ್ಕೇ ವಾಪಸ್. ಟೀಯಿಂದ ಹೊಡೆದದ್ದು ಹೋದರೆ, ಮತ್ತೆ ಟೀಯಿಂದ ಹೊಡೆಯುವುದು ನಿಮ್ಮ ಮೂರನೆಯದು. ಅರ್ಧ ಫರ್ಲಾಂಗ್ ನಡೆದು ಹೋಗಿ, ಹುಡುಕಿ, ಹಿಂದಿನ ಗುಂಪು ಗುರಾಯಿಸುತ್ತಿರುವಾಗ ವಾಪಸ್ ಬರುವುದು ಯಾರಿಗೆ ಬೇಕು? ಅದಕ್ಕೇ ಅನುಮಾನ ಇದ್ದರೆ ಅಲ್ಲೇ ನಿಂತು ಇನ್ನೊಂದು ಹೊಡೆಯಿರಿ, ಆದರೆ ಬಾಯಿಬಿಟ್ಟು 'ಪ್ರಾವಿಷನಲ್' (ಮೊದಲನೆಯದು ಸಿಗದಿದ್ದರೆ ಮಾತ್ರ ಲೆಕ್ಕಕ್ಕೆ ಬರುವ ಚೆಂಡು) ಅನ್ನಿ. 'ಇನ್ನೊಂದು ಹೊಡೀತೀನಿ' ಅಂದರೆ ಸಾಲದು, ಮೊದಲ ಚೆಂಡು ಆಮೇಲೆ ಕಣ್ಣೆದುರೇ ಸಿಕ್ಕರೂ ಅದು ಆಟದಲ್ಲಿ ಇರುವುದಿಲ್ಲ. ಚೆಂಡು ನೀರಿಗೆ ಬಿದ್ದಿದ್ದು ಖಚಿತವಾಗಿದ್ದರೆ ಪ್ರಾವಿಷನಲ್ ಇಲ್ಲ.

ನೀರು, ಹಳ್ಳದ ಕಡೆ ಕೆಂಪು ಇಲ್ಲವೇ ಹಳದಿ ಗೂಟ ಇರುತ್ತದೆ. ಒಳಗಿಂದಲೇ ಹೊಡೆಯಲು ಆದರೆ ಪೆನಾಲ್ಟಿಯೇ ಇಲ್ಲ. ಆಗದಿದ್ದರೆ ಒಂದು ಸ್ಟ್ರೋಕ್. ಕೆಂಪಾದರೆ ಚೆಂಡು ಅಂಚು ದಾಟಿದ ಜಾಗದಿಂದ ಎರಡು ಕ್ಲಬ್ ಉದ್ದದೊಳಗೆ, ಹೋಲ್‌ಗೆ ಹತ್ತಿರವಾಗದಂತೆ ಡ್ರಾಪ್ ಮಾಡಿ. ಅಳೆಯಲು ಡ್ರೈವರ್ ಅನ್ನುವ ಕ್ಲಬ್ ತೆಗೆದುಕೊಳ್ಳಿ, ನಿಮ್ಮ ಬ್ಯಾಗ್‌ನಲ್ಲಿ ಬಹುಶಃ ಅದೇ ಎಲ್ಲಕ್ಕಿಂತ ಉದ್ದ. ನೇರ ನಿಂತು, ಚೆಂಡನ್ನು ಮೊಣಕಾಲಿನ ಎತ್ತರಕ್ಕೆ ಹಿಡಿದು ಬಿಟ್ಟುಬಿಡಿ. ಎಸೆಯಬಾರದು, ತಿರುಗಿಸಬಾರದು. ಹಳದಿಗೆ ಈ ಪಕ್ಕದ ಡ್ರಾಪ್ ಸಿಗುವುದಿಲ್ಲ, ಹಿಂದಕ್ಕೇ ಹೋಗಬೇಕು.

ಬಿಟ್ಟಿಯೂ ಇದೆ. ಕಾರ್ಟ್ ರಸ್ತೆ, ಮಳೆಗೆ ನಿಂತ ನೀರು ಅಡ್ಡ ಬಂದರೆ, ಅಡ್ಡಿ ತಪ್ಪುವ ಅತಿ ಹತ್ತಿರದ ಜಾಗದಿಂದ ಒಂದು ಕ್ಲಬ್ ಉದ್ದದೊಳಗೆ ಡ್ರಾಪ್, ಪೆನಾಲ್ಟಿ ಸೊನ್ನೆ. ಬೆಂಗಳೂರಿನ ಮಳೆಗಾಲದಲ್ಲಿ ಇದನ್ನು ಮರೆತವರು ಸುಮ್ನೆ ಕೆಸರಲ್ಲಿ ನಿಂತು ಹೊಡೆಯುತ್ತಾರೆ.

ಇನ್ನು ಫೈನ್ ಕಡೆ. ಬಂಕರ್‌ನಲ್ಲಿ, ಅಂದರೆ ಮರಳಿನ ಗುಂಡಿಯಲ್ಲಿ, ಎಲೆ, ಕಲ್ಲು ತೆಗೆಯಬಹುದು. ಆದರೆ ಚೆಂಡಿನ ಹಿಂದೆ ಕ್ಲಬ್ ಊರಿದರೆ, ಪ್ರಾಕ್ಟೀಸ್ ಸ್ವಿಂಗ್‌ನಲ್ಲಿ ಮರಳು ತಾಗಿದರೆ ಎರಡು. 2010ರ ಪಿಜಿಎ ಚಾಂಪಿಯನ್‌ಶಿಪ್‌ನಲ್ಲಿ ಡಸ್ಟಿನ್ ಜಾನ್ಸನ್ ಕೊನೆಯ ಹೋಲ್‌ನಲ್ಲಿ, ಪ್ರೇಕ್ಷಕರು ತುಳಿದಾಡಿದ್ದ ಮರಳನ್ನು ಬಂಕರ್ ಅಂತ ಗುರುತಿಸದೆ ಕ್ಲಬ್ ಊರಿದ. ಎರಡು ಸ್ಟ್ರೋಕ್ ಬಿತ್ತು, ಪ್ಲೇಆಫ್ ತಪ್ಪಿತು. ಬೇರೆಯವರ ಚೆಂಡು ಹೊಡೆದರೂ ಎರಡು, ಆಮೇಲೆ ನಿಮ್ಮದನ್ನು ಹುಡುಕಿ ಆಡಲೇಬೇಕು. ನನ್ನ ಚೆಂಡಿನ ಮೇಲೆ ಹಸಿರು ಪೆನ್ನಿನಲ್ಲಿ ಮೂರು ಚುಕ್ಕಿ ಇರುತ್ತದೆ.

ಹೋಲ್ ಸುತ್ತಲಿನ ನುಣುಪು ಹುಲ್ಲಿನ ಗ್ರೀನ್ ಮೇಲೆ ಹೆದರಬೇಡಿ. ನಾಣ್ಯ ಇಟ್ಟು ಚೆಂಡು ಎತ್ತಿ ಒರೆಸಿ, ಕಾಲು ತಾಗಿ ಸರಿದರೆ ವಾಪಸ್ ಇಡಿ, ಬಾವುಟ ಹಾಗೇ ಇರಲಿ.

ಸ್ಕೋರ್ ಕಾರ್ಡ್ ಮಾತ್ರ ಹುಷಾರು. 1968ರ ಮಾಸ್ಟರ್ಸ್‌ನಲ್ಲಿ ರಾಬರ್ಟೊ ಡಿ ವಿಸೆಂಜೊ 17ನೇ ಹೋಲ್ ಮುಗಿಸಿದ್ದು 3ರಲ್ಲಿ, ಅವನ ಕಾರ್ಡ್ ತುಂಬುತ್ತಿದ್ದ ಜೊತೆಗಾರ ಬರೆದದ್ದು 4. ನೋಡದೆ ಸಹಿ ಹಾಕಿದ, ಆ 4 ಖಾಯಂ ಆಯಿತು, ಒಂದೇ ಸ್ಟ್ರೋಕ್‌ನಲ್ಲಿ ಸೋತ. ಉಲ್ಟಾ ಆಗಿ ಕಡಿಮೆ ಬರೆದಿದ್ದರೆ ಪಂದ್ಯದಿಂದಲೇ ಔಟ್. ಹಾಗಾಗಿ ನಾನು 18 ಹೋಲ್‌ಗಳನ್ನೂ ಬೆರಳಿಟ್ಟು ಎಣಿಸುತ್ತೇನೆ, ಕ್ಯಾಡಿ ಮತ್ತೆ ನಕ್ಕರೂ ಪರವಾಗಿಲ್ಲ.