ಬಿದ್ದ ಮೇಲೆ ಹ್ಯಾಂಡಲ್ ಸೊಟ್ಟ ಆಯ್ತಾ? ನಾನು ಮನೇಲೇ ಸರಿ ಮಾಡ್ಕೊಂಡಿದ್ದು ಹೀಗೆ

ಬೈಕ್ ಸ್ಲಿಪ್ ಆಗಿ ಬಿದ್ದು ಹ್ಯಾಂಡಲ್ ಸೊಟ್ಟ ಕಂಡ್ರೆ ಎಲ್ರೂ ಹೇಳೋದು ಹ್ಯಾಂಡಲ್ ಬೆಂಡ್ ಆಗಿದೆ ಅಂತ. ಆದ್ರೆ ನಿಧಾನಕ್ಕೆ ಹೋಗ್ತಾ ಬಿದ್ದಿದ್ರೆ ಎಷ್ಟೋ ಸಲ ಹ್ಯಾಂಡಲ್‌ಗೆ ಏನೂ ಆಗಿರಲ್ಲ, ಮುಂದಿನ ಚಕ್ರ ಹಿಡಿದಿರೋ ಎರಡು ಫೋರ್ಕ್ ಪೈಪ್‌ಗಳು ಅವನ್ನ ಮೇಲೆ ಕೆಳಗೆ ಬಿಗಿದಿರೋ ಕ್ಲ್ಯಾಂಪ್ ಒಳಗೆ ತಿರುಚ್ಕೊಂಡು ಒಂದು ಸ್ವಲ್ಪ ಮುಂದೆ ಒಂದು ಸ್ವಲ್ಪ ಹಿಂದೆ ನಿಂತಿರ್ತವೆ, ಅಷ್ಟೇ.

ನಂದೂ ಅದೇ ಕೇಸು. ಮಳೆಗಾಲದಲ್ಲಿ ಪುಣೆಯ ಕಾತ್ರಜ್ ಕಡೆ ಜಲ್ಲಿ ಬಿದ್ದಿದ್ದ ತಿರುವಲ್ಲಿ ಮುಂದಿನ ಚಕ್ರ ಜಾರಿ ಡಿವೈಡರ್‌ಗೆ ತಾಗಿತ್ತು, ನಂಗೆ ಮೊಣಕೈ ತರಚಿದ್ದು ಬಿಟ್ರೆ ಏನಿಲ್ಲ. ಮನೆಗೆ ಬರೋವಾಗ ಗಾಡಿ ನೆಟ್ಟಗೇ ಹೋಗ್ತಿತ್ತು ಆದ್ರೆ ಹ್ಯಾಂಡಲ್ ಮಾತ್ರ ಎಡಕ್ಕೆ ತಿರುಗಿರೋ ಹಾಗೆ. ಪಕ್ಕದ ಮನೆ ವಿಜಯಪುರದ ಹುಡುಗ ಹಿಂದೆ ನಿಂತು ನೋಡಿ, "ಅಣ್ಣಾ, ಗಾಲಿ ಸೀದಾ ಐತ್ರಿ, ಹ್ಯಾಂಡಲ್ ಅಷ್ಟ ಎಡಕ್ಕ ಹೊಂಟೈತಿ" ಅಂದ. ಇದೇ ಮೊದಲ ಗುರುತು.

ಚಕ್ರನ ಮೊಣಕಾಲಲ್ಲಿ ಅದುಮಿ ಹಿಡ್ಕೊಂಡು ಹ್ಯಾಂಡಲ್ ಜೋರಾಗಿ ಎಳೆಯೋದು ಎಲ್ಲಾ ಕಡೆ ನಡೆಯತ್ತೆ. ರಸ್ತೇಲಿ ಮನೆ ಸೇರೋವರೆಗೆ ಓಕೆ, ಆದ್ರೆ ಬೋಲ್ಟ್ ಟೈಟ್ ಇದ್ದಾಗ ಎಳೆದ್ರೆ ಪೈಪ್ ಕ್ಲ್ಯಾಂಪಲ್ಲಿ ಬಿಗಿಯಾಗೇ ಉಳಿಯತ್ತೆ, ನೋಡೋಕೆ ಸೀದಾ ಕಂಡ್ರೂ ಒಳಗೆ ತಿರುಚು ಹೋಗಿರಲ್ಲ, ಫೋರ್ಕ್ ಸಲೀಸಾಗಿ ಮೇಲೆ ಕೆಳಗೆ ಆಡಲ್ಲ. ನನ್ನ ಪ್ರಕಾರ ಲೂಸ್ ಮಾಡಿ ಕೂರಿಸೋದೇ ಸರಿಯಾದ ದಾರಿ.

ಸ್ಪ್ಯಾನರ್ ಹಿಡಿಯೋ ಮುಂಚೆ ಏನು ಬೆಂಡ್ ಆಗಿದೆ, ಏನು ಬರೀ ತಿರುಚಿದೆ ಅಂತ ಗೊತ್ತಾಗಬೇಕು. ಹಳೇ ಫೋಟೋ ಫ್ರೇಮ್‌ದು ಒಂದು ಗಾಜಿನ ಪಟ್ಟಿ ತಗೊಂಡು ಅಂಚನ್ನ ಸ್ಯಾಂಡ್ ಪೇಪರಲ್ಲಿ ಉಜ್ಜಿದೆ. ಕೆಳಗಿನ ಕ್ಲ್ಯಾಂಪ್ ಮತ್ತೆ ಡಸ್ಟ್ ಸೀಲ್ (ಪೈಪ್ ಫೋರ್ಕಿನ ಕೆಳಭಾಗದೊಳಗೆ ಹೋಗೋ ಜಾಗದ ರಬ್ಬರ್) ಮಧ್ಯೆ ಪೈಪ್ ಬರೀ ಕಾಣ್ತಿರತ್ತಲ್ಲ, ಅಲ್ಲಿ ಎರಡೂ ಪೈಪ್‌ಗೆ ಅಡ್ಡ ಗಾಜು ಒತ್ತಿ ಹಿಡಿದೆ. ಪೈಪ್‌ಗಳು ಸಮಾಂತರ ಇದ್ರೆ ಗಾಜು ಅಲ್ಲಾಡದೆ ಕೂರತ್ತೆ. ನಂದು ಒಂದು ಮೂಲೆ ಒತ್ತಿದ್ರೆ ಎದುರು ಮೂಲೆ ಏಳ್ತಿತ್ತು, ಟಕ್ ಟಕ್ ಅಂತ. ಪೈಪ್ ಸುತ್ತ ಬೆರಳು ಸವರಿದೆ, ಉಬ್ಬು ಸುಕ್ಕು ಸಿಗಲಿಲ್ಲ, ಸೀಲಿಂದ ಆಯಿಲ್ ಒಸರಿರಲಿಲ್ಲ. ಹ್ಯಾಂಡಲ್‌ನ ಎರಡೂ ತುದಿಯಿಂದ ಮೇಲಿನ ಕ್ಲ್ಯಾಂಪಿನ ಮಧ್ಯದ ದೊಡ್ಡ ನಟ್ಟಿಗೆ ದಾರ ಹಿಡಿದು ಅಳೆದೆ, ಎರಡೂ ಕಡೆ ಸಮ, ಹ್ಯಾಂಡಲ್ ಕೂತಿರೋ ಹೋಲ್ಡರಿಂದ ಎತ್ತರಾನೂ ಸಮ, ಅಂದ್ರೆ ಹ್ಯಾಂಡಲ್ ಪೈಪ್ ಚೆನ್ನಾಗಿದೆ. ಅಳತೆ ಬೇರೆ ಬೇರೆ ಬಂದ್ರೆ ದಯವಿಟ್ಟು ಬಡಿದು ಕಾಯಿಸಿ ನೆಟ್ಟಗೆ ಮಾಡಬೇಡಿ, ಒಂದ್ಸಲ ಬಾಗಿದ ಕಬ್ಬಿಣ ಅದೇ ಜಾಗದಲ್ಲಿ ಮುರಿಯತ್ತೆ, ಪುಣೆಯ ನಾನಾ ಪೇಠಲ್ಲಿ ಸಾಲಾಗಿ ಸ್ಪೇರ್ ಪಾರ್ಟ್ಸ್ ಅಂಗಡಿಗಳಿವೆ, ಹೋಗಿ ಹೊಸದು ತಗೊಳ್ಳಿ.

ಆಮೇಲೆ ಸಮತಟ್ಟು ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ನೆಲಕ್ಕೆ ತಾಗಿರೋ ಹಾಗೆ ಇಟ್ಕೊಂಡೆ. ಮೊದಲು ಎರಡೂ ಪೈಪ್ ಮೇಲೆ ಕ್ಲ್ಯಾಂಪ್ ಅಂಚಿಗೆ ಮಾರ್ಕರಲ್ಲಿ ಗೆರೆ ಹಾಕಿ, ಯಾಕಂದ್ರೆ ಬೋಲ್ಟ್ ಪೂರ್ತಿ ಬಿಟ್ರೆ ಗಾಡಿ ಭಾರಕ್ಕೆ ಪೈಪ್ ಮೇಲಕ್ಕೆ ಜಾರತ್ತೆ. ಮಡ್‌ಗಾರ್ಡ್ ಬೋಲ್ಟ್ ಲೂಸ್ ಮಾಡೋದನ್ನ ತುಂಬಾ ಜನ ಬಿಡ್ತಾರೆ, ಆದ್ರೆ ಅದರ ಒಳಗಿನ ಕಬ್ಬಿಣದ ಪಟ್ಟಿ ಎರಡೂ ಫೋರ್ಕನ್ನ ಸೊಟ್ಟ ಇರೋ ಹಾಗೇ ಹಿಡ್ಕೊಂಡಿರತ್ತೆ. ಆಮೇಲೆ ಚಕ್ರದ ಮಧ್ಯದ ಆಕ್ಸಲ್ ನಟ್, ಕೆಳಗಿನ ಕ್ಲ್ಯಾಂಪ್ ಬೋಲ್ಟ್‌ಗಳು, ಮೇಲಿನವು, ಮಧ್ಯದ ದೊಡ್ಡ ನಟ್, ಎಲ್ಲಾ ಕೈಗೆ ಸ್ವಲ್ಪ ಅಲುಗೋವಷ್ಟು ಮಾತ್ರ. ಕಳಚೋದೇನೂ ಇಲ್ಲ.

ಹುಡುಗ ಚಕ್ರನ ಮೊಣಕಾಲ ಮಧ್ಯೆ ಹಿಡ್ಕೊಂಡ, ನಾನು ಹ್ಯಾಂಡಲ್ ಎರಡೂ ಕಡೆ ಹಿಡಿದು ನಿಧಾನಕ್ಕೆ ಬಲಕ್ಕೆ ಒತ್ತಿದೆ. ಜೋರು ಬೇಕಾಗೇ ಇಲ್ಲ, ಕಟಕ್ ಅಂತ ಒಂದು ಸಣ್ಣ ಸದ್ದು ಬಂತು, ಎರಡು ಪೈಪೂ ಒಂದೇ ಸಾಲಿಗೆ ಬಂದ್ವು. ಮತ್ತೆ ಗಾಜು ಇಟ್ಟೆ, ಈಗ ಅಲ್ಲಾಡಲಿಲ್ಲ. ಆ ಕ್ಷಣದ ಖುಷಿ ಹೇಳೋಕಾಗಲ್ಲ! ಹಿಂದೆ ಹೋಗಿ ಟೈರ್, ಕ್ಲ್ಯಾಂಪ್, ಹ್ಯಾಂಡಲ್ ಮೂರೂ ನೋಡಿದ್ವಿ, ಸೀದಾ.

ಟೈಟ್ ಮಾಡೋ ಕ್ರಮ ಮುಖ್ಯ. ಗೆರೆ ಸರಿಯಿದೆಯಾ ನೋಡಿ ಕೆಳಗಿನ ಕ್ಲ್ಯಾಂಪ್ ಮೊದಲು, ಆಮೇಲೆ ಮಧ್ಯದ ನಟ್, ಆಮೇಲೆ ಮೇಲಿನ ಬೋಲ್ಟ್. ಆಕ್ಸಲ್ ನಟ್ ಫೈನಲ್ ಟೈಟ್ ಮಾಡೋ ಮುಂಚೆ ಸ್ಟ್ಯಾಂಡ್ ಇಳಿಸಿ ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನ ಚೆನ್ನಾಗಿ ಒತ್ತಿ ಬಿಟ್ಟು ಮಾಡಿ, ಪೈಪ್‌ಗಳು ತಮ್ಮ ಜಾಗ ತಾವೇ ಹುಡ್ಕೊಳ್ತವೆ, ಆಮೇಲೆ ಆಕ್ಸಲ್, ಕೊನೇಲಿ ಮಡ್‌ಗಾರ್ಡ್. ಎಷ್ಟು ಟೈಟ್ ಅನ್ನೋದು ಒಂದೊಂದು ಗಾಡಿಗೆ ಒಂದೊಂದು, ಸರ್ವಿಸ್ ಮ್ಯಾನುಯಲಲ್ಲಿರೋ ನ್ಯೂಟನ್ ಮೀಟರ್ ಲೆಕ್ಕ ನೋಡಿ ಟಾರ್ಕ್ ರೆಂಚಲ್ಲೇ (ಎಷ್ಟು ಬಿಗಿ ಆಯ್ತು ಅಂತ ತಿಳಿಸೋ ಸ್ಪ್ಯಾನರ್) ಮಾಡಿ.

ರಸ್ತೆಗೆ ಇಳಿಸೋ ಮುಂಚೆ ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡ್ಲೇಬೇಕು. ಮಧ್ಯದಲ್ಲಿ ಎಲ್ಲೋ ಕಚ್ಚಿ ನಿಂತ ಹಾಗೆ ಅನ್ಸಿದ್ರೆ, ಅಥವಾ ಫೋರ್ಕ್ ಕೆಳಗೆ ಹಿಡಿದು ಹಿಂದೆ ಮುಂದೆ ಎಳೆದಾಗ ಕಟ್ ಕಟ್ ಅಂದ್ರೆ ಕೋನ್ ಸೆಟ್ (ಹ್ಯಾಂಡಲ್ ತಿರುಗೋ ಜಾಗದ ಬೇರಿಂಗ್) ಏಟು ತಿಂದಿದೆ ಇಲ್ಲಾ ಸರಿಯಾಗಿ ಟೈಟ್ ಆಗಿಲ್ಲ ಅಂತ. ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ಇಟ್ಟು ಆಕ್ಸಿಲರೇಟರ್ ತಿರುಗಿಸಿ ಬಿಡಿ, ತಾನಾಗೇ ಪಟ್ಟಂತ ವಾಪಸ್ ಬರಬೇಕು, ಬ್ರೇಕ್ ಹೋಸ್ ಎಲ್ಲೂ ಜಗ್ಗಬಾರದು, ಡಿಸ್ಕ್ ಪ್ಯಾಡಿಗೆ ಜೋರಾಗಿ ಉಜ್ಜಬಾರದು.

ಲೂಸ್ ಮಾಡಿ ಕೂರಿಸಿದ ಮೇಲೂ ಗಾಜು ಅಲ್ಲಾಡ್ತಿದ್ರೆ ಪೈಪೋ ಕೆಳಗಿನ ಕ್ಲ್ಯಾಂಪೋ ನಿಜವಾಗ್ಲೂ ಬಾಗಿದೆ. ಅಲ್ಲಿಗೆ ಮನೆ ಕೆಲಸ ನಿಲ್ಸಿ, ಫೋರ್ಕ್ ಬಿಚ್ಚಿ ಪೈಪನ್ನ ವಿ ಬ್ಲಾಕ್ (ವಿ ಆಕಾರದ ಗಾಡಿ ಇರೋ ಕಬ್ಬಿಣದ ದಿಮ್ಮಿ) ಮೇಲೆ ಉರುಳಿಸಿ ಡಯಲ್ ಗೇಜಲ್ಲಿ (ಸಣ್ಣ ಬಾಗು ಅಳೆಯೋ ಮುಳ್ಳಿನ ಮೀಟರ್) ನೋಡೋ ವರ್ಕ್‌ಶಾಪಿಗೆ ಕೊಡಿ. ಸರಿ ಹೋಗಿದ್ರೂ ಒಂದೆರಡು ದಿನ ಓಡಿಸಿದ ಮೇಲೆ ಎಲ್ಲಾ ಬೋಲ್ಟ್ ಮೇಲೆ ಇನ್ನೊಂದ್ಸಲ ರೆಂಚ್ ಇಟ್ಟು ನೋಡ್ಬಿಡಿ.