ಕಾಸರಗೋಡಿನಿಂದ ಸ್ಟುಡಿಯೊಗೆ: ರೇಡಿಯೊ, ವಿಡಿಯೊ ಓದಲು ಹೊರಡುವವರಿಗೆ

ಪ್ಲಸ್ ಟು ಫಲಿತಾಂಶ ಬರುವ ಹೊತ್ತಿಗೆ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ಮನೆಗಳಲ್ಲಿ ಈಗೀಗ ಒಂದು ಹೊಸ ಪ್ರಶ್ನೆ ಸುಳಿಯುತ್ತದೆ. ‘ಇವನಿಗೆ ವಿಡಿಯೊದ ಮರುಳು. ಅದನ್ನೇ ಕಲಿಸುವ ಡಿಗ್ರಿ ಉಂಟಾ?’ ಉಂಟು. ಮಂಗಳೂರಿನಲ್ಲೂ ಉಂಟು, ಕಣ್ಣೂರಿನಲ್ಲೂ ಉಂಟು. ಆದರೆ ಬ್ರೋಷರಿನಲ್ಲಿ ಅಚ್ಚಾದ ಕೋರ್ಸಿನ ಹೆಸರು ನೋಡಿ ಸೀಟು ಹಿಡಿದರೆ, ಮೂರು ವರ್ಷ ಸಂವಹನ ಸಿದ್ಧಾಂತದ ನೋಟ್ಸ್ ಬರೆದು ಹೊರಬರುವ ಸಾಧ್ಯತೆಯೇ ಹೆಚ್ಚು. ಈ ವಿದ್ಯೆ ಕೈಗೆ ಹತ್ತುವುದು ಮೈಕು, ಕ್ಯಾಮೆರಾ, ಎಡಿಟಿಂಗ್ ಕಂಪ್ಯೂಟರಿನ ಮುಂದೆ ಕಳೆದ ಗಂಟೆಗಳಿಂದ. ಆ ಗಂಟೆಗಳು ಎಲ್ಲಿ ಹೆಚ್ಚು ಸಿಗುತ್ತವೆ ಎಂದು ಹುಡುಕಿ ಸೇರಿ.

ಯಾವ ಕೋರ್ಸು?

ಪದವಿ ಮಟ್ಟದಲ್ಲಿ ಎರಡು ದಾರಿ. ಬಿಎಯಲ್ಲಿ ಪತ್ರಿಕೋದ್ಯಮವನ್ನು ಇತಿಹಾಸವೋ ಇಂಗ್ಲಿಷೋ ಇನ್ನೊಂದರ ಜೊತೆಗೆ ಓದುವುದು ಒಂದು. ಇದರಲ್ಲಿ ಬರವಣಿಗೆ ಜಾಸ್ತಿ, ಯಂತ್ರ ಕಡಿಮೆ. ಪ್ರಾಯೋಗಿಕ ತರಬೇತಿಗೇ ಒತ್ತು ಕೊಡುವ, ವೃತ್ತಿ ಶಿಕ್ಷಣದ ಪದವಿಯಾದ ಬಿವೋಕ್‌ನಂಥ ಕೋರ್ಸು ಇನ್ನೊಂದು. ಉಜಿರೆಯ ಎಸ್‌ಡಿಎಂ ಕಾಲೇಜಿನ ಡಿಜಿಟಲ್ ಮೀಡಿಯಾ ಮತ್ತು ಫಿಲ್ಮ್ ಮೇಕಿಂಗ್ ಬಿವೋಕ್ ಈ ಬಗೆಯದು. ಮಣಿಪಾಲದಲ್ಲಿ 1997ರಿಂದ ಸಂವಹನಕ್ಕೇ ಒಂದು ಪ್ರತ್ಯೇಕ ಸಂಸ್ಥೆ ಇದೆ. ಸೌಕರ್ಯಕ್ಕೆ ಕೊರತೆಯಿಲ್ಲ, ಶುಲ್ಕ ಮಾತ್ರ ಖಾಸಗಿ ವಿಶ್ವವಿದ್ಯಾಲಯದ್ದು.

ಯಾವುದಾದರೊಂದು ಪದವಿ ಮುಗಿಸಿ, ಆಮೇಲೆ ಎರಡು ವರ್ಷದ ಸ್ನಾತಕೋತ್ತರ ಓದುವ ದಾರಿಯೂ ಇದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ, ಕಣ್ಣೂರು ವಿಶ್ವವಿದ್ಯಾಲಯದ ಮಾಂಗಾಟ್ಟುಪರಂಬ ಕ್ಯಾಂಪಸ್ಸಿನಲ್ಲಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ವಿಭಾಗಗಳಿವೆ. ನನ್ನನ್ನು ಕೇಳಿದರೆ ಇದೇ ಒಳ್ಳೆಯ ದಾರಿ. ಅರ್ಥಶಾಸ್ತ್ರವನ್ನೋ ಸಸ್ಯಶಾಸ್ತ್ರವನ್ನೋ ನೆಟ್ಟಗೆ ಓದಿದ ಹುಡುಗಿ ಮೈಕ್ ಹಿಡಿದಾಗ ಕೇಳುವ ಪ್ರಶ್ನೆಯ ತೂಕವೇ ಬೇರೆ. ಪುಣೆಯ ಎಫ್‌ಟಿಐಐ, ಕೊಲ್ಕತ್ತಾದ ಸತ್ಯಜಿತ್ ರೇ ಸಂಸ್ಥೆ, ಕೋಟ್ಟಯಂನ ಕೆ.ಆರ್. ನಾರಾಯಣನ್ ಸಂಸ್ಥೆ ಇವೆಲ್ಲ ಸಿನಿಮಾದ ಕಡೆಗೆ ವಾಲಿದವು. ಧ್ವನಿ, ಸಂಕಲನ, ಛಾಯಾಗ್ರಹಣದಲ್ಲಿ ಒಂದನ್ನೇ ಹಿಡಿದು ಆಳಕ್ಕೆ ಇಳಿಯುವವರು ಪದವಿಯ ನಂತರ ಅತ್ತ ನೋಡಬಹುದು.

ಒಂದು ಲೆಕ್ಕ ಮರೆಯಬೇಡಿ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಬಂದಿದೆ, ಬೇಕಾದವರು ಮೂರಕ್ಕೇ ಮುಗಿಸಬಹುದು. ಅದೇ ವರ್ಷ ಕರ್ನಾಟಕ ಮೂರು ವರ್ಷದ ಪದವಿಗೆ ಮರಳಿತು. ಇಲ್ಲಿ ಪದವಿ ಮಾಡಿ ಅಲ್ಲಿ ಸ್ನಾತಕೋತ್ತರಕ್ಕೆ ಹೋಗುವ ಯೋಚನೆ ಇದ್ದರೆ ಮೂರು ವರ್ಷಕ್ಕೆ ಹೊರಬರುವುದೋ ನಾಲ್ಕು ಮುಗಿಸುವುದೋ ಎಂಬುದನ್ನು ಮೊದಲೇ ಆ ವಿಭಾಗದಲ್ಲಿ ವಿಚಾರಿಸಿ ತೀರ್ಮಾನಿಸಿ.

ಹೋಗಿ ನೋಡಿ, ಕೇಳಿ

ಅರ್ಜಿ ಹಾಕುವ ಮೊದಲು ಕಾಲೇಜಿಗೆ ಒಮ್ಮೆ ಹೋಗಿ ಬನ್ನಿ, ರಜಾದಿನ ಬೇಡ. ಮಂಗಳೂರಿಗೆ ರೈಲಿದೆ. ಕೊಣಾಜೆಗಾದರೆ ತಲಪಾಡಿ ದಾಟಿ ತೊಕ್ಕೊಟ್ಟಿನಲ್ಲಿ ಇಳಿದು ದೇರಳಕಟ್ಟೆ ದಾರಿಯ ಬಸ್ಸು ಹಿಡಿಯಬೇಕು. ಆಫೀಸಿನಲ್ಲಿ ಕೂರಿಸಿ ತೋರಿಸುವ ಫೋಟೊ ಆಲ್ಬಮ್ ನೋಡಿ ಏನೂ ತಿಳಿಯುವುದಿಲ್ಲ. ಸ್ಟುಡಿಯೊ ತೋರಿಸಿ ಎನ್ನಿ. ಬೀಗದ ಕೈ ಹುಡುಕಲು ಹತ್ತು ನಿಮಿಷ ಹಿಡಿದರೆ ಅದೇ ಉತ್ತರ.

ಕೇಳಬೇಕಾದ್ದು ಇಷ್ಟು: ಒಂದು ತರಗತಿಗೆ ಕ್ಯಾಮೆರಾ ಎಷ್ಟು? ಮನೆಗೆ ಒಯ್ಯಲು ಕೊಡುತ್ತಾರೋ, ಲ್ಯಾಬಿನೊಳಗೇ ಮುಟ್ಟಿ ಇಡಬೇಕೋ? ಸಂಜೆ ಐದರ ನಂತರ ಎಡಿಟಿಂಗ್ ಲ್ಯಾಬ್ ತೆರೆದಿರುತ್ತದೆಯೋ? ಕಳೆದ ವರ್ಷದ ವಿದ್ಯಾರ್ಥಿಗಳು ಮಾಡಿದ ಕೆಲಸ ಎಲ್ಲಿ ನೋಡಲು ಸಿಗುತ್ತದೆ? ಪಾಠ ಮಾಡುವವರಲ್ಲಿ ಒಬ್ಬರಾದರೂ ಸುದ್ದಿಮನೆಯಲ್ಲೋ ಆಕಾಶವಾಣಿಯಲ್ಲೋ ದುಡಿದವರಿದ್ದಾರೆಯೇ? ಈ ಕೊನೆಯ ಪ್ರಶ್ನೆ ಕೇಳಲು ಸಂಕೋಚವಾದರೆ ಕ್ಯಾಂಟೀನಿನಲ್ಲಿ ಸಿಗುವ ಎರಡನೇ ವರ್ಷದವರನ್ನು ಕೇಳಿ. ಅವರು ಏನನ್ನೂ ಮುಚ್ಚಿಡುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ: ಕಾಲೇಜಿಗೆ ಸ್ವಂತ ರೇಡಿಯೊ ಇದೆಯೇ? ಶಿಕ್ಷಣ ಸಂಸ್ಥೆಗಳಿಗೆ ಸಮುದಾಯ ರೇಡಿಯೊ (ಸುತ್ತಲಿನ ಊರಿನವರಿಗಾಗಿ, ಲಾಭಕ್ಕಲ್ಲದೆ ನಡೆಸುವ ಸಣ್ಣ ನಿಲಯ) ನಡೆಸಲು ಅವಕಾಶ ಸಿಕ್ಕಿದ್ದು 2002ರ ಕೊನೆಗೆ. ನಮ್ಮ ಹತ್ತಿರದ ಊರುಗಳು ಅದನ್ನು ಚೆನ್ನಾಗಿ ಬಳಸಿಕೊಂಡಿವೆ. ಮಂಗಳೂರಿನ ಸಂತ ಅಲೋಶಿಯಸ್‌ನಲ್ಲಿ ರೇಡಿಯೊ ಸಾರಂಗ್ 107.8, ಪುತ್ತೂರಿನ ವಿವೇಕಾನಂದದಲ್ಲಿ ರೇಡಿಯೊ ಪಾಂಚಜನ್ಯ 90.8, ಮಣಿಪಾಲದಲ್ಲಿ ರೇಡಿಯೊ ಮಣಿಪಾಲ್ 90.4. ಲ್ಯಾಬಿನಲ್ಲಿ ಮಾಡಿದ ಅಸೈನ್‌ಮೆಂಟಿಗೆ ಅಂಕ ಸಿಗುತ್ತದೆ, ಅಷ್ಟೆ. ಸಂಜೆ ಆರಕ್ಕೆ ಪ್ರಸಾರವಾಗಲೇಬೇಕಾದ ಕಾರ್ಯಕ್ರಮ ಮಾಡಿದವರಿಗೆ ಮಾತ್ರ ಐದೂ ಮುಕ್ಕಾಲಿಗೆ ಫೈಲ್ ತೆರೆಯದಿದ್ದರೆ ಏನು ಮಾಡಬೇಕು ಎಂಬುದು ಗೊತ್ತಿರುತ್ತದೆ. ಒಂದು ಮಿತಿಯೂ ಇದೆ: ಖಾಸಗಿ ಎಫ್‌ಎಂ ಆಗಲಿ ಸಮುದಾಯ ರೇಡಿಯೊ ಆಗಲಿ ತಮ್ಮದೇ ಸುದ್ದಿ ಓದುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೇ ಹಾಕಬಹುದು. ಸುದ್ದಿ ಓದುವ ಆಸೆಯವರು ಕಲಿಯಬೇಕಾದ ಕಡೆ ಬೇರೆ.

ಕಾಗದಪತ್ರ

ಗಡಿ ದಾಟಿ ಓದುವವರಿಗೆ ಇದೊಂದು ತಲೆನೋವು. ಕೇರಳ ಬೋರ್ಡಿನವರು ಕರ್ನಾಟಕದ ವಿಶ್ವವಿದ್ಯಾಲಯಕ್ಕೆ ಸೇರುವಾಗ ಟಿಸಿ, ಮೈಗ್ರೇಶನ್, ಎಲಿಜಿಬಿಲಿಟಿ ಸರ್ಟಿಫಿಕೇಟ್ ಕೇಳುತ್ತಾರೆ. ನೇಟಿವಿಟಿ, ಆದಾಯ, ಜಾತಿ ಪತ್ರಗಳಿಗೆ ಫಲಿತಾಂಶದವರೆಗೆ ಕಾಯಬೇಡಿ, ಏಪ್ರಿಲ್‌ನಲ್ಲೇ ಅಕ್ಷಯ ಕೇಂದ್ರದಿಂದ ಅರ್ಜಿ ಹಾಕಿ. ಜೂನ್ ಬಂದರೆ ವಿಲೇಜ್ ಆಫೀಸಿನ ಎದುರು ಊರಿಡೀ ಇರುತ್ತದೆ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಇರುವ ಅವಕಾಶ ಪತ್ರಿಕೋದ್ಯಮಕ್ಕೂ ನಡೆಯುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಪತ್ರಿಕೋದ್ಯಮದ ಸೀಟು ಸಿಇಟಿಯಿಂದ ಹಂಚಿಕೆಯಾಗುವುದಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಹೋಗುವವರಿಗೆ ಸಿಯುಇಟಿ ಇದೆ. ಪದವಿ ಪ್ರವೇಶದ ಆ ಪರೀಕ್ಷೆಯನ್ನು ಹದಿಮೂರು ಭಾಷೆಗಳಲ್ಲಿ ಬರೆಯಬಹುದು, ಕನ್ನಡವೂ ಅದರಲ್ಲಿದೆ. ವಿದ್ಯಾರ್ಥಿವೇತನವನ್ನು ನಂಬಿ ಹೊರಡುವವರು, ಹೊರರಾಜ್ಯದಲ್ಲಿ ಓದಿದರೂ ಅದು ಸಿಗುತ್ತದೆಯೇ ಎಂದು ಬರಹದಲ್ಲೇ ಉತ್ತರ ಪಡೆದುಕೊಳ್ಳಿ.

ಮೊದಲ ವರ್ಷ ಕಿವಿಗೆ

ಸೀಟು ಸಿಕ್ಕಿದ ಕೂಡಲೇ ಅಪ್ಪನ ಹತ್ತಿರ ಕ್ಯಾಮೆರಾ ಕೇಳುವವರೇ ಎಲ್ಲರೂ. ಬೇಡ. ಮೊದಲ ವರ್ಷಕ್ಕೆ ಕೈಯಲ್ಲಿರುವ ಫೋನು, ಒಂದು ಕಾಲರ್ ಮೈಕು, ಕಿವಿ ಮುಚ್ಚುವ ಹೆಡ್‌ಫೋನು ಸಾಕು. ಚಿತ್ರ ಸ್ವಲ್ಪ ಮಸುಕಾದರೆ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಅರ್ಧ ನಿಮಿಷದಲ್ಲಿ ಎದ್ದು ಹೋಗುತ್ತಾರೆ. ಧ್ವನಿ ಎಡಿಟ್ ಮಾಡಲು ಅಡಾಸಿಟಿ ಪುಕ್ಕಟೆ ಸಿಗುತ್ತದೆ. ವಿಡಿಯೊಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಧಾರಾಳ ಸಾಕು. ಕಳ್ಳ ಸಾಫ್ಟ್‌ವೇರ್ ಹಾಕಿ ವೈರಸ್ ಹಿಡಿಸಿಕೊಳ್ಳುವ ಅಗತ್ಯವೇ ಇಲ್ಲ.

ಅಡಿಕೆ ಕೃಷಿಕರೊಬ್ಬರನ್ನು ಮಾತಾಡಿಸಲು ಹೋಗಿದ್ದೀರಿ ಎನ್ನಿ. ಅವರು ಪ್ರೀತಿಯಿಂದ ಜಗಲಿಯಲ್ಲಿ ಕೂರಿಸಿ, ಫ್ಯಾನ್ ಹಾಕಿ, ಬೆಲ್ಲ ನೀರು ಕೊಡುತ್ತಾರೆ. ಫ್ಯಾನ್ ತಿರುಗುತ್ತಿದ್ದರೆ ಇಡೀ ಸಂದರ್ಶನದ ಅಡಿಯಲ್ಲಿ ಒಂದು ಗುಂಯ್ ಕೂತುಬಿಡುತ್ತದೆ. ‘ಅಣ್ಣಾ, ಹತ್ತು ನಿಮಿಷ ಫ್ಯಾನ್ ಒಂದು ಆಫ್ ಮಾಡುವನಾ?’ ಎಂದು ಕೇಳಲು ನಾಚಬಾರದು. ಒಳಗಿನ ಫ್ರಿಜ್ಜಿಗೂ ಕಿವಿಗೊಡಿ. ಮೈಕನ್ನು ಬಾಯಿಯಿಂದ ಒಂದು ಗೇಣು ಕೆಳಗೆ, ಅಂಗಿಯ ಗುಂಡಿಯ ಹತ್ತಿರ ಸಿಕ್ಕಿಸಿ. ಬೈರಾಸು ಹೆಗಲ ಮೇಲಿದ್ದರೆ ಅದು ಉಜ್ಜುವ ಸದ್ದು ಬರುತ್ತದೆ. ರೆಕಾರ್ಡಿಂಗ್ ಮೀಟರಿನಲ್ಲಿ ಮಾತಿನ ಮಟ್ಟ ಮೈನಸ್ 12 ಡೆಸಿಬೆಲ್ ಆಸುಪಾಸು ಇರಲಿ, ನಕ್ಕಾಗ ಏರಿದರೂ ಮೈನಸ್ 6 ದಾಟದಿರಲಿ. ಡಿಜಿಟಲ್‌ನಲ್ಲಿ ಸೊನ್ನೆಯೇ ಛಾವಣಿ. ಅದಕ್ಕೆ ಬಡಿದು ಒಡೆದ ಧ್ವನಿಯನ್ನು ಆಮೇಲೆ ನೆಟ್ಟಗೆ ಸರಿಮಾಡಲು ಆಗುವುದಿಲ್ಲ. ಹೊರಡುವ ಮೊದಲು ಯಾರೂ ಮಾತಾಡದೆ ಅರ್ಧ ನಿಮಿಷ ಆ ಜಗಲಿಯ ಮೌನವನ್ನೇ ರೆಕಾರ್ಡ್ ಮಾಡಿ. ಎಡಿಟ್ ಮಾಡುವಾಗ ಮಾತಿನ ನಡುವೆ ಕತ್ತರಿಸಿದ ಜಾಗಕ್ಕೆ ತೇಪೆ ಹಾಕಲು ಅದು ಬೇಕು.

ಇನ್ನು ಯಕ್ಷಗಾನ. ಇದನ್ನು ರೆಕಾರ್ಡ್ ಮಾಡಲು ಕಲಿತವರಿಗೆ ಉಳಿದದ್ದೆಲ್ಲ ಸುಲಭ. ಭಾಗವತರ ಸ್ವರಕ್ಕೆ ಮಟ್ಟ ಹೊಂದಿಸಿದರೆ ಚೆಂಡೆಯ ಮೊದಲ ಪೆಟ್ಟಿಗೇ ಧ್ವನಿ ಒಡೆಯುತ್ತದೆ, ಚೆಂಡೆಗೆ ಹೊಂದಿಸಿದರೆ ಪದ್ಯ ಕೇಳಿಸದು. ಆಟಕ್ಕೆ ಮುಂಚೆ ‘ಕೇಳಿ’ (ಆಟ ಉಂಟೆಂದು ಸಾರುವ ಚೆಂಡೆ ವಾದನ) ಬಡಿಯುವಾಗಲೇ ಹೋಗಿ ಚೆಂಡೆಯ ಮಟ್ಟ ಗುರುತು ಮಾಡಿಕೊಳ್ಳಿ. ಮೈಕ್ ಸೆಟ್ಟಿನವರ ಮಿಕ್ಸರಿನಿಂದ ಒಂದು ಲೈನ್ ತೆಗೆದುಕೊಳ್ಳಿ, ಅದರಲ್ಲಿ ಪದ್ಯ, ಮಾತು ಸ್ವಚ್ಛವಾಗಿರುತ್ತವೆ. ಚೆಂಡೆ, ಚಕ್ರತಾಳ, ಸಭೆಯ ಗದ್ದಲಕ್ಕೆ ರಂಗಸ್ಥಳದಿಂದ ದೂರದಲ್ಲಿ ನಿಮ್ಮದೇ ಇನ್ನೊಂದು ಮೈಕಿರಲಿ. ಎರಡನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಇಟ್ಟು ಆಮೇಲೆ ಬೆರೆಸಿ. ಮಿಕ್ಸರಿನಿಂದ ಬರುವುದು ಲೈನ್ ಮಟ್ಟದ ಸಿಗ್ನಲ್, ಅಂದರೆ ಮೈಕಿನದಕ್ಕಿಂತ ಎಷ್ಟೋ ಜೋರಿನದು. ಕ್ಯಾಮೆರಾದ ಮೈಕ್ ಇನ್‌ಪುಟ್ಟಿಗೆ ನೇರ ಚುಚ್ಚಿದರೆ ಕರ್ಕಶವಾಗುತ್ತದೆ, ರೆಕಾರ್ಡರಿನಲ್ಲಿ ‘ಲೈನ್’ ಎಂಬ ಆಯ್ಕೆ ಇದೆಯೇ ನೋಡಿ. ಸೆಟ್ಟಿನವರ ಜೊತೆ ಸ್ನೇಹ ಇಟ್ಟುಕೊಂಡವರಿಗೆ ಈ ಲೈನ್ ಸಿಗುತ್ತದೆ. ಇದು ಯಾವ ಸಿಲೆಬಸ್ಸಿನಲ್ಲೂ ಇಲ್ಲ.

ಎರಡನೇ ವರ್ಷ ಕ್ಯಾಮೆರಾ

ಫೋನುಗಳು ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮಿನಲ್ಲಿ ತೆಗೆಯುತ್ತವೆ. ನಮ್ಮ ಟಿವಿ ಪ್ರಸಾರ 25 ಫ್ರೇಮಿನ ವ್ಯವಸ್ಥೆ, ನಮ್ಮ ಕರೆಂಟು 50 ಹರ್ಟ್ಸ್. ಸಭಾಂಗಣದ ಟ್ಯೂಬ್‌ಲೈಟಿನ ಕೆಳಗೆ ತೆಗೆದ ವಿಡಿಯೊದಲ್ಲಿ ಪಟ್ಟಿ ಪಟ್ಟಿ ಓಡುವುದು ಈ ತಾಳ ತಪ್ಪಿದ್ದಕ್ಕೆ. 25 ಫ್ರೇಮು, ಶಟರ್ 1/50 ಇಟ್ಟರೆ ಬಹುತೇಕ ನಿಲ್ಲುತ್ತದೆ. ಧ್ವನಿಯ ಸ್ಯಾಂಪ್ಲಿಂಗ್ ದರ (ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯುತ್ತದೆ ಎಂಬುದು) 48 ಕಿಲೋಹರ್ಟ್ಸ್‌ನಲ್ಲಿರಲಿ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ತೆಗೆದ ಫೋರ್‌ಕೆ ವಿಡಿಯೊ ಗಂಟೆಗೆ 45 ಜಿಬಿ ನುಂಗುತ್ತದೆ. ಕಾಲೇಜಿನ ಕಂಪ್ಯೂಟರಿನಲ್ಲೊಂದು, ನಿಮ್ಮ ಹಾರ್ಡ್‌ಡಿಸ್ಕಿನಲ್ಲೊಂದು ಪ್ರತಿ ಇಲ್ಲದೆ ಕಾರ್ಡ್ ಅಳಿಸಬೇಡಿ.

ಕನ್ನಡದಲ್ಲಿ ಟೈಟಲ್ ಹಾಕುವವರಿಗೆ ಎರಡು ಮಾತು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಎಡಿಟಿಂಗ್ ಸಾಫ್ಟ್‌ವೇರಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರದ ಕಸ ಬರುತ್ತದೆ, ಯೂನಿಕೋಡ್‌ಗೆ ಬದಲಿಸಿ. ಯೂನಿಕೋಡ್ ಇದ್ದೂ ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ, ಪ್ರೀಮಿಯರ್‌ನಂಥ ಸಾಫ್ಟ್‌ವೇರಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆಂದೇ ಇರುವ ಆಯ್ಕೆ ಒತ್ತಬೇಕು. ‘ಕಾಸರಗೋಡು ಜಿಲ್ಲಾ ಉತ್ಸವ’ದ ‘ಲ್ಲಾ’ ಒಡೆದು ಕೂತ ವಿಡಿಯೊಗಳು ಈಗಲೂ ಓಡಾಡುತ್ತಿವೆ.

ಬಾಯಿ, ಭಾಷೆ, ಸುದ್ದಿ

ಮಂಗಳೂರು ಆಕಾಶವಾಣಿ 1976ರಿಂದ ಇದೆ. 100.3ರಲ್ಲಿ ಹಿಡಿದು ಉದ್ಘೋಷಕರನ್ನು ದಿನಾ ಅರ್ಧ ಗಂಟೆ ಗಮನ ಕೊಟ್ಟು ಕೇಳಿ. 101.5ರಲ್ಲಿ ಕಣ್ಣೂರು ಸಿಕ್ಕಿದರೆ ಅದನ್ನೂ ಕೇಳಿ. ಆಮೇಲೆ ದಿನಪತ್ರಿಕೆಯ ಒಂದು ಸುದ್ದಿಯನ್ನು ಕಿವಿಗಾಗಿ ತಿರುಗಿ ಬರೆಯಿರಿ: ಉದ್ದ ವಾಕ್ಯ ಮುರಿಯಿರಿ, ‘ಮೇಲ್ಕಾಣಿಸಿದ’ ಎಂಬಂಥದ್ದು ತೆಗೆಯಿರಿ, ‘4,87,320’ ಇದ್ದರೆ ‘ಸುಮಾರು ನಾಲ್ಕು ಲಕ್ಷ 87 ಸಾವಿರ’ ಎನ್ನಿ. ಓದಿ, ರೆಕಾರ್ಡ್ ಮಾಡಿ, ಮರುದಿನ ಕೇಳಿ. ಅಲ್ಪಪ್ರಾಣ ಮಹಾಪ್ರಾಣ, ಶ ಷ ಸ ಎಲ್ಲಿ ಜಾರಿತು ಎಂದು ನಿಮಗೇ ಗೊತ್ತಾಗುತ್ತದೆ.

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಪಕ್ಕದ ಮನೆಯಲ್ಲಿ ಬ್ಯಾರಿಯೋ ಕೊಂಕಣಿಯೋ ಮರಾಠಿಯೋ. ಕಾಸರಗೋಡಿನವರು ಇದನ್ನು ಅರ್ಜಿಯಲ್ಲಿ ಬರೆಯಲು ಮರೆಯುತ್ತಾರೆ. ಬರೆಯಿರಿ. ತಿರುವನಂತಪುರದಿಂದ ಬಂದ ಆದೇಶವನ್ನು ಮಲಯಾಳದಲ್ಲಿ ಓದಿ, ಕೃಷಿಕರನ್ನು ತುಳುವಿನಲ್ಲಿ ಮಾತಾಡಿಸಿ, ಕನ್ನಡದಲ್ಲಿ ವರದಿ ಕೊಡಬಲ್ಲವರು ಬೆಂಗಳೂರಿನ ಸುದ್ದಿಮನೆಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ವಿಷಯಕ್ಕೂ ಊರು ಬಡವಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನಿನ ದುರಂತವನ್ನು ಹೊರಜಗತ್ತಿಗೆ ಮೊದಲು ತಿಳಿಸಿದವರಲ್ಲಿ ಒಬ್ಬರು ಎಣ್ಮಕಜೆ ಕಡೆಯ ಕೃಷಿ ಪತ್ರಕರ್ತ ಶ್ರೀಪಡ್ರೆ. ದೂರದ ವಾಹಿನಿಯ ವಾಹನ ಬರುವ ಮೊದಲೇ ಸುದ್ದಿ ಇಲ್ಲಿತ್ತು, ಬರೆಯುವವರೂ ಇಲ್ಲಿದ್ದರು.

ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್

ಹೆಚ್ಚಿನವರು ಇಲ್ಲೇ ಸಿಕ್ಕಿಬೀಳುವುದು, ಅದೂ ಕ್ಯಾಲೆಂಡರ್ ನೋಡದೆ. ಯಕ್ಷಗಾನ ಮೇಳವನ್ನು ಹಿಡಿದು ಸಾಕ್ಷ್ಯಚಿತ್ರ ಮಾಡುವ ಯೋಚನೆಯಿದ್ದರೆ ನವೆಂಬರಿನಲ್ಲೇ ಯಜಮಾನರನ್ನು ಕಂಡು ಒಪ್ಪಿಗೆ ಪಡೆದು, ಫೆಬ್ರವರಿಯೊಳಗೆ ಮುಖ್ಯ ಚಿತ್ರೀಕರಣ ಮುಗಿಸಿ. ಮೇ ಕೊನೆಯ ವಾರ ಪತ್ತನಾಜೆ ಬಂತೆಂದರೆ ಮೇಳಗಳು ತಿರುಗಾಟ ನಿಲ್ಲಿಸಿ ಗೆಜ್ಜೆ ಬಿಚ್ಚುತ್ತವೆ, ಬಿಟ್ಟುಹೋದ ಒಂದು ಶಾಟಿಗೆ ಆರು ತಿಂಗಳು ಕಾಯಬೇಕು. ಭೂತಕೋಲ, ತೆಯ್ಯಂ ಆದರೆ ಸ್ಥಾನದ ಹಿರಿಯರನ್ನು ಕೇಳದೆ ಕ್ಯಾಮೆರಾ ತೆಗೆಯಬೇಡಿ. ಕೆಲವು ಕಡೆ ಕೆಲವು ಹೊತ್ತಿನ ಚಿತ್ರೀಕರಣ ನಿಷಿದ್ಧ, ಅದಕ್ಕೆ ವಾದ ಇಲ್ಲ. ಸಿನಿಮಾ ಹಾಡನ್ನು ಹಿನ್ನೆಲೆಗೆ ಹಾಕಿದರೆ ಯೂಟ್ಯೂಬ್ ತಾನೇ ಗುರುತು ಹಿಡಿಯುತ್ತದೆ. ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ಕಾನೂನಿನ ಹಕ್ಕಿದೆ, ಆದ್ದರಿಂದ ಒಪ್ಪಿಗೆಯನ್ನು ಕಾಗದದಲ್ಲೇ ತೆಗೆದುಕೊಳ್ಳಿ.

ಇಂಟರ್ನ್‌ಶಿಪ್ಪಿಗೆ ಅರ್ಜಿ ಹಾಕುವಾಗ ನಾಲ್ಕು ಪುಟದ ಬಯೋಡೇಟಾ ಯಾರೂ ಓದುವುದಿಲ್ಲ. ಎರಡು ನಿಮಿಷದ ಒಂದು ಧ್ವನಿ ತುಣುಕು, ಮೂರು ನಿಮಿಷ ಮೀರದ ಒಂದು ವಿಡಿಯೊ, ಅದರಲ್ಲಿ ನೀವು ಮಾಡಿದ್ದು ಯಾವ ಕೆಲಸ ಎಂಬ ಒಂದು ಸಾಲು. ಗುಂಪಿನಲ್ಲಿ ಮಾಡಿದ ಕೆಲಸವನ್ನು ಪೂರ್ತಿ ತನ್ನದೆಂದು ಕಳಿಸಿದವರನ್ನು ಎಡಿಟಿಂಗ್ ಕಂಪ್ಯೂಟರಿನ ಮುಂದೆ ಕೂರಿಸಿದ ಮೊದಲ ಗಂಟೆಯಲ್ಲೇ ಕಂಡುಹಿಡಿಯುತ್ತಾರೆ. ಆಕಾಶವಾಣಿಯಲ್ಲಿ ತಾತ್ಕಾಲಿಕ ಉದ್ಘೋಷಕರಿಗೆ ಅರ್ಜಿ ಕರೆಯುವುದು ವರ್ಷವರ್ಷ ಗೊತ್ತಾದ ದಿನಕ್ಕಲ್ಲ. ಪ್ರಸಾರ ಭಾರತಿಯ ಜಾಲತಾಣವನ್ನು ವಾರಕ್ಕೊಮ್ಮೆ ತೆರೆದು ನೋಡಿ, ಲಿಖಿತ ಪರೀಕ್ಷೆಗೆ ಪ್ರಚಲಿತ ವಿಷಯ, ಧ್ವನಿ ಪರೀಕ್ಷೆಗೆ ಹಿಂದಿನ ದಿನದ ಪತ್ರಿಕೆಯ ಯಾವ ಪುಟ ಕೊಟ್ಟರೂ ತಡವರಿಸದೆ ಓದುವ ಅಭ್ಯಾಸ ಇಟ್ಟುಕೊಂಡಿರಿ.